ಉತ್ತರ ಕಿರೀಟದ ಟಿ ನಕ್ಷತ್ರ: ಉಡುಪಿಯಿಂದ ನೋಡುವುದು ಹೇಗೆ?

ಕಡಲತಡಿ:
ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿ ಸಿಡಿಯಲಿದೆ ಎನ್ನುವ ಟಿ ನಕ್ಷತ್ರ (ಟಿ ಕರೋನೆ ಬೋರಿಯಾಲಿಸ್) ನೋಡಲು ಮಲ್ಪೆಯಲ್ಲಿ 10×50 ಬೈನಾಕ್ಯುಲರ್ ಸಾಕೇ? ಸಿಡಿಯುವುದು ಅಲ್ಲಿನ ಕೆಂಪು ದೈತ್ಯವೇ (ಊದಿಕೊಂಡ ಮುದಿ ನಕ್ಷತ್ರ)? ಮಳೆಗಾಲದಲ್ಲಿ ಏನು ಮಾಡುವುದು?

ಹೆಬ್ರಿ_ಕತ್ತಲು:
ದೈತ್ಯ ಸಿಡಿಯುವುದಿಲ್ಲ. ಸಿಡಿಯುವುದು ಅದರ ಜೊತೆಗಾರ ಶ್ವೇತ ಕುಬ್ಜದ ಮೈಮೇಲೆ. ಕುಬ್ಜ ಎಂದರೆ ಉರಿದು ಮುಗಿದ ನಕ್ಷತ್ರದ ಪುಟ್ಟ, ದಟ್ಟ ತಿರುಳು. ಎರಡೂ ಪರಸ್ಪರ 227.6 ದಿನಕ್ಕೊಂದು ಸುತ್ತು. ಊದಿಕೊಂಡ ದೈತ್ಯದ ಹೈಡ್ರೋಜನ್ ಕುಬ್ಜದ ಕಡೆಗೆ ಸೋರಿ ಅದರ ಮೈಮೇಲೆ ಪದರವಾಗಿ ಕೂರುತ್ತದೆ. ಪದರದ ತಳದಲ್ಲಿ ಒತ್ತಡ, ಬಿಸಿ ಮಿತಿ ಮೀರಿದಾಗ ಪರಮಾಣು ಬೆಸುಗೆ ಶುರುವಾಗಿ ಅಷ್ಟೂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕುಬ್ಜ ಉಳಿಯುತ್ತದೆ, ಸೋರಿಕೆ ಮತ್ತೆ ಮೊದಲಿನಿಂದ. 1866, 1946ರಲ್ಲಿ ಆದದ್ದು ಇದೇ. 2024ಕ್ಕೆ ಆಗಬಹುದೆಂದು ಲೆಕ್ಕ ಹಾಕಿದ್ದರು, ಆಗಲಿಲ್ಲ. ತಾರೀಕು ಹೇಳುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ.

ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಸ್ವಾತಿಗೆ ಬನ್ನಿ. ಅಲ್ಲಿಂದ ಅಭಿಜಿತ್ ಕಡೆಗೆ ಮೂರನೇ ಒಂದು ಪಾಲು ದೂರದಲ್ಲಿ ಕಿರೀಟದ ಕಮಾನು. ಅದರ ಪೂರ್ವ ಬದಿಯಲ್ಲಿರುವ ನಕ್ಷತ್ರ ಎಪ್ಸಿಲಾನ್‌ನಿಂದ ಒಂದು ಡಿಗ್ರಿ ಆಗ್ನೇಯಕ್ಕೆ ಟಿ. ಮೇ ನಡುವಿನಲ್ಲಿ ರಾತ್ರಿ 10ಕ್ಕೆ ಈಶಾನ್ಯದಲ್ಲಿ ಸುಮಾರು 45 ಡಿಗ್ರಿ ಎತ್ತರ.

ಮಾಮೂಲಿ ಕಾಂತಿಮಾನ (ಹೊಳಪಿನ ಅಳತೆ, ಅಂಕೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 10ರ ಆಸುಪಾಸು. ಬಂದರಿನ ದೀಪಗಳ ನಡುವೆ 10×50ಕ್ಕೆ ಅದು ಸಿಗದು, 6 ಇಂಚಿನ ದೂರದರ್ಶಕ ಬೇಕು. ಸಿಡಿದಾಗ 2ರವರೆಗೆ ಏರುತ್ತದೆ, ಬರಿಗಣ್ಣೇ ಸಾಕು. ಆದರೆ ವಾರದೊಳಗೆ ಬರಿಗಣ್ಣಿಗೆ ಮರೆ.

ಸುರತ್ಕಲ್_ಲೆನ್ಸ್:
ಟಿಯಂಥ ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಲೇಬೇಡಿ. ನೋಡುತ್ತಾ ಹೋದಷ್ಟೂ ಕಣ್ಣಿಗೆ ಅದು ಹೆಚ್ಚು ಬೆಳಗುತ್ತದೆ, ಹೊಳಪಿನ ಅಂದಾಜು ಕೆಡುತ್ತದೆ. ಫೋಕಸ್ ಚೂರು ಸಡಿಲಿಸಿ, ಟಿಯನ್ನೂ ಹೊಳಪು ಗೊತ್ತಿರುವ ಹೋಲಿಕೆಯ ನಕ್ಷತ್ರವನ್ನೂ ಸರಸರನೆ ಒಂದೊಂದು ನೋಟ ನೋಡಿ ಬರೆದುಕೊಳ್ಳಿ. ಸಿಡಿಯದಿದ್ದರೂ ಅದು ಅಲ್ಪಸ್ವಲ್ಪ ಏರಿಳಿಯುತ್ತದೆ: ಕುಬ್ಜದ ಸೆಳೆತಕ್ಕೆ ದೈತ್ಯ ಹನಿಯಂತೆ ಉದ್ದವಾಗಿದೆ, ಅಡ್ಡಬದಿ ತೋರಿದಾಗ ಹೆಚ್ಚು ಬೆಳಕು. ಒಂದು ಸುತ್ತಿಗೆ ಹೀಗೆ ಎರಡು ಸಲ. ಇದನ್ನು ಕಂಡು ಗಾಬರಿಯಾಗಬೇಡಿ.

ನಮ್ಮ ಕಡಲ ಗಾಳಿಗೆ ಲೆನ್ಸಿನಲ್ಲಿ ಬೂಸ್ಟು ಹಿಡಿಯುವುದು ಬೇಗ. ಬೈನಾಕ್ಯುಲರನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಕಡಲತಡಿ:
ಮಳೆಗಾಲದ್ದು ಹೇಳಲಿಲ್ಲ ಮಾರಾಯ್ರೇ.

ಹೆಬ್ರಿ_ಕತ್ತಲು:
ಆಟಿಯಲ್ಲಿ (ಜುಲೈ-ಆಗಸ್ಟ್) ರಾತ್ರಿ 8ಕ್ಕೆ ಕಿರೀಟ ನೆತ್ತಿಯಿಂದ ಚೂರು ಉತ್ತರಕ್ಕೆ, ನಮಗೆ ಅದೇ ಅನುಕೂಲ. ಮೋಡ ಎರಡು ನಿಮಿಷ ಒಡೆದರೂ ಸಾಕು. ಕಿರೀಟದ ಅತಿ ಹೊಳೆಯುವ ನಕ್ಷತ್ರ ಆಲ್ಫೆಕ್ಕಾ ಒಂದೇ ಹೊಳೆಯುತ್ತಿದ್ದರೆ ಏನೂ ಆಗಿಲ್ಲ, ಅಷ್ಟೇ ಹೊಳೆಯುವ ಇನ್ನೊಂದು ಕಂಡರೆ ಆಗಿದೆ. ಕಂಡರೂ ಕಾಣದಿದ್ದರೂ ವೇಳೆ ಸಮೇತ ಬರೆದಿಡಿ. ಎಎವಿಎಸ್‌ಓಗೆ (ಬದಲಾಗುವ ನಕ್ಷತ್ರಗಳ ವೀಕ್ಷಣೆ ಸಂಗ್ರಹಿಸುವ ಅಮೆರಿಕದ ಸಂಘ) ಕಳುಹಿಸುವಾಗ ವಿಶ್ವ ಸಮಯಕ್ಕೆ (ಯುಟಿಸಿ) ಬದಲಿಸಲು ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಿರಿ. ನಸುಕಿನ ವೀಕ್ಷಣೆಯಾದರೆ ತಾರೀಕೂ ಹಿಂದಿನ ದಿನದ್ದು, ಹೆಚ್ಚಿನವರು ತಪ್ಪುವುದು ಅಲ್ಲೇ.