ದೂರು ಕೊಟ್ಟವಳನ್ನೇ ಯಾಕೆ ಮೊದ್ಲು ವಿಚಾರಿಸ್ತೀವಿ?

ಶಿರಾಗೇಟ್ ಹುಡ್ಗ:
ತುಮಕೂರಲ್ಲಿ ನಮ್ ಟೀ ಅಂಗಡಿ ಹತ್ರ ಯಾವ್ ರೇಪ್ ಕೇಸ್ ಸುದ್ದಿ ಬಂದ್ರೂ ಮೊದ್ಲು ಕೇಳೋದು ಅಷ್ಟ್ ಹೊತ್ನಲ್ಲಿ ಅವಳಿಗೇನ್ ಕೆಲ್ಸ ಅಂತ, ಆಮೇಲೆ ಇಷ್ಟ್ ದಿನ ಯಾಕ್ ಸುಮ್ನಿದ್ಲು ಅಂತ, ಅವನು ಮಾತ್ರ ಒಳ್ಳೇ ಮನೆ ಹುಡ್ಗ ಬಿಡ್ರಪ್ಪ. ಕಾನೂನಲ್ಲೂ ಹಿಂಗೇನಾ?

ಕುಣಿಗಲ್ ಲಾಯರಮ್ಮ:
ಇಲ್ಲ ಕಣಪ್ಪ. ತಡವಾಗಿ ದೂರು ಕೊಟ್ಲು ಅನ್ನೋದೊಂದಕ್ಕೇ ಕೇಸ್ ಸುಳ್ಳಾಗಲ್ಲ, ಮನೆ ಮರ್ಯಾದೆಗೆ ಹೆದರಿ ಹಿಂದೇಟು ಹಾಕ್ತಾರೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಗುರ್ಮಿತ್ ಸಿಂಗ್ ಕೇಸಲ್ಲಿ ಹೇಳಿದೆ. ಅವಳ ಹಳೇ ಸಂಬಂಧ ಎತ್ತಿ ಒಪ್ಪಿಗೆ ಇತ್ತು ಅಂತ ವಾದ ಮಾಡೋಕೂ 2013ರ ತಿದ್ದುಪಡಿ ಆದಾಗಿಂದ ಕಾನೂನು ಬಿಡಲ್ಲ. ಆದ್ರೆ ಜಡ್ಜುಗಳೂ ಇದೇ ಸಮಾಜದೋರು ತಾನೆ, 2020ರಲ್ಲಿ ನಮ್ ಹೈಕೋರ್ಟಿನ ಒಂದು ಬೇಲ್ ಆರ್ಡರಲ್ಲೇ ಅತ್ಯಾಚಾರ ಆದ್ಮೇಲೆ ಸುಸ್ತಾಗಿ ನಿದ್ದೆ ಹೋದೆ ಅನ್ನೋದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಅನ್ನೋ ಅರ್ಥದ ಸಾಲಿತ್ತು, ಗಲಾಟೆ ಆದ್ಮೇಲೆ ತೆಗೆದ್ರು.

ಮಧುಗಿರಿ ಬಾಯ್:
ಸುಳ್ಳು ಕೇಸೂ ಇರ್ತವಲ್ಲ ಮೇಡಂ

ಕುಣಿಗಲ್ ಲಾಯರಮ್ಮ:
ಇರ್ತವೆ, ಯಾರು ಇಲ್ಲ ಅಂದ್ರು. ಸಾಕ್ಷಿ ನೋಡಿ ಕೋರ್ಟ್ ಹೇಳ್ಲಿ, ಅವಳ ಜೀನ್ಸ್ ನೋಡಿ ನೀವಲ್ಲ.

ಗುಬ್ಬಿ ಅಕ್ಕ:
ನಮ್ ವಾಟ್ಸಾಪ್ ಗ್ರೂಪಲ್ಲಿ ರೇಪ್ ದೂರು ಕೊಟ್ಟ ಹುಡ್ಗಿ ಫೋಟೋನೇ ಹಾಕವ್ರೆ!

ಕುಣಿಗಲ್ ಲಾಯರಮ್ಮ:
ಮೊದ್ಲು ಡಿಲೀಟ್ ಮಾಡ್ಸಿ ಅಕ್ಕ, ಗುರುತು ಬಯಲು ಮಾಡಿದ್ರೆ 2 ವರ್ಷದವರೆಗೂ ಜೈಲು.