ಬೋರ್ಡನ್ನು ಯುಎಸ್‌ಬಿ ಸಾಧನವಾಗಿಸುವುದು: ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಲಿನಕ್ಸ್ ನಡೆಸುವ ಚಿಕ್ಕ ಬೋರ್ಡೊಂದು ಕಂಪ್ಯೂಟರಿಗೆ ಪೆನ್‌ಡ್ರೈವ್, ಸೀರಿಯಲ್ ಪೋರ್ಟ್ ಅಥವಾ ನೆಟ್‌ವರ್ಕ್ ಕಾರ್ಡ್ ಆಗಿ ಕಾಣಿಸಿಕೊಳ್ಳುವಂತೆ ಮಾಡುವ ಯುಎಸ್‌ಬಿ ಗ್ಯಾಜೆಟ್ ವ್ಯವಸ್ಥೆಯ ಕುರಿತು ಇಲ್ಲಿ ಪ್ರಶ್ನೆ ಕೇಳಬಹುದು. ಡ್ರೈವರ್ ಬರೆಯುವುದನ್ನೇ ವೃತ್ತಿ ಮಾಡಿಕೊಂಡಿರುವ ಮೇಡಂ ಬಿಡುವಾದಾಗ ಉತ್ತರಿಸುತ್ತಾರೆ. ಬೋರ್ಡಿನ ಹೆಸರನ್ನೂ ಕರ್ನೆಲ್ ಲಾಗಿನ ಸಾಲುಗಳನ್ನೂ ತಪ್ಪದೆ ಹಾಕಿ.

ವಿದ್ಯಾರ್ಥಿ, ದಾವಣಗೆರೆ: ಮೇಡಂ, ನನ್ನ ರಾಸ್ಪ್‌ಬೆರಿ ಪೈ 3ಬಿ ಬೋರ್ಡಿನಲ್ಲಿ ಡಿಡಬ್ಲ್ಯೂಸಿ2 ಮಾಡ್ಯೂಲ್ (ಯುಎಸ್‌ಬಿ ಕಂಟ್ರೋಲರಿನ ಡ್ರೈವರ್) ಲೋಡ್ ಮಾಡಿದರೂ ಕಂಪ್ಯೂಟರಿಗೆ ಏನೂ ಕಾಣಿಸುತ್ತಿಲ್ಲ. ನನ್ನ ಸಂರಚನೆಯಲ್ಲಿ ಏನು ತಪ್ಪಿದೆ?

ಉತ್ತರ: ಸಂರಚನೆಯಲ್ಲಿ ತಪ್ಪಿಲ್ಲ. ಆ ಬೋರ್ಡಿನ ಚಿಪ್‌ನಿಂದ ಹೊರಡುವ ಒಂದೇ ಯುಎಸ್‌ಬಿ ಜೋಡಿ ತಂತಿ ನೇರವಾಗಿ ಹಬ್‌ಗೆ ಹೋಗುತ್ತದೆ, ಆದ್ದರಿಂದ ಅದು ಹೋಸ್ಟ್ ಆಗಿ, ಅಂದರೆ ಇತರ ಸಾಧನಗಳನ್ನು ನಡೆಸುವ ಕಡೆಯಾಗಿ ಮಾತ್ರ ಕೆಲಸ ಮಾಡಬಲ್ಲದು. ಪೈ ಝೀರೋ ಬಳಸಿ, ಇಲ್ಲವೇ ಪೈ 4ರ ಟೈಪ್-ಸಿ ಪೋರ್ಟ್ ಬಳಸಿ.

ಸದಸ್ಯರು, ಮೈಸೂರು: ಕಾನ್ಫಿಗ್‌ಎಫ್‌ಎಸ್‌ನಲ್ಲಿ (ಡೈರೆಕ್ಟರಿ, ಫೈಲುಗಳ ರೂಪದಲ್ಲಿ ಕರ್ನೆಲನ್ನು ಸಂರಚಿಸುವ ವ್ಯವಸ್ಥೆ) ಗ್ಯಾಜೆಟ್ ಡೈರೆಕ್ಟರಿ ಮಾಡಿ, ಎಸಿಎಂ (ಸೀರಿಯಲ್ ಪೋರ್ಟ್) ಫಂಕ್ಷನ್ ಸೇರಿಸಿ, ಅದನ್ನು ಕಾನ್ಫಿಗರೇಶನ್‌ಗೆ ಲಿಂಕ್ ಮಾಡಿದ್ದೇನೆ. ಕೊನೆಗೆ ಯುಡಿಸಿ ಎಂಬ ಫೈಲಿಗೆ ಕಂಟ್ರೋಲರ್ ಹೆಸರು ಬರೆಯುವಾಗ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂಬ ಸಂದೇಶ ಬರುತ್ತಿದೆ.

ಉತ್ತರ: ಒಂದು ಕಂಟ್ರೋಲರನ್ನು ಒಂದು ಸಮಯಕ್ಕೆ ಒಂದೇ ಗ್ಯಾಜೆಟ್ ಹಿಡಿದುಕೊಳ್ಳಬಹುದು, ನಿಮ್ಮದನ್ನು ಬೇರೆಯದೊಂದು ಈಗಾಗಲೇ ಹಿಡಿದಿದೆ. ಸಿಸ್ ಡೈರೆಕ್ಟರಿಯೊಳಗೆ ಕ್ಲಾಸ್, ಅದರೊಳಗೆ ಯುಡಿಸಿ, ಅದರೊಳಗೆ ಕಂಟ್ರೋಲರ್ ಹೆಸರು; ಅಲ್ಲಿರುವ ಫಂಕ್ಷನ್ ಎಂಬ ಫೈಲನ್ನು ಓದಿದರೆ ಹಿಡಿದಿರುವವರ ಹೆಸರು ಸಿಗುತ್ತದೆ. ಪೈ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಬೂಟ್ ಸಾಲಿನಲ್ಲಿ ಯಾರೋ ಬರೆಸಿದ ಜಿ-ಈಥರ್ ಎಂಬ ನೆಟ್‌ವರ್ಕ್ ಗ್ಯಾಜೆಟ್ ಆಗಿರುತ್ತದೆ; ಬೀಗಲ್‌ಬೋನ್ ಬೋರ್ಡಿನಲ್ಲಿ ಅದರ ಮೂಲ ಇಮೇಜ್ ಬೂಟ್ ಆಗುವಾಗಲೇ ತನ್ನದೊಂದು ಗ್ಯಾಜೆಟ್ ಎಬ್ಬಿಸಿರುತ್ತದೆ. ಅದನ್ನು ನಿಲ್ಲಿಸಿದ ಮೇಲೆ ನಿಮ್ಮದನ್ನು ಕಟ್ಟಿ.

ಸದಸ್ಯರು, ಹಾಸನ: ಮೇಡಂ, ಹಾಲು ಉತ್ಪಾದಕರ ಸಂಘಗಳಿಗೆ ನಾವು ಒಂದು ಯಂತ್ರ ಮಾಡಿಕೊಟ್ಟಿದ್ದೇವೆ. ಬೆಳಿಗ್ಗೆ, ಸಂಜೆ ಪ್ರತಿ ಸದಸ್ಯರ ಹಾಲಿನ ತೂಕ ಮತ್ತು ಜಿಡ್ಡಿನ ಅಂಶವನ್ನು ಅದು ಎಸ್‌ಡಿ ಕಾರ್ಡಿನ ಎರಡನೆಯ ಪಾರ್ಟಿಶನ್‌ನಲ್ಲಿ ಬರೆಯುತ್ತದೆ. ಅದೇ ಪಾರ್ಟಿಶನ್ ಅನ್ನು ಮಾಸ್ ಸ್ಟೋರೇಜ್ ಫಂಕ್ಷನ್ ಮೂಲಕ ಕಂಪ್ಯೂಟರಿಗೆ ತೋರಿಸುತ್ತೇವೆ, ಕಾರ್ಯದರ್ಶಿಗಳು ಕೇಬಲ್ ಹಾಕಿ ಫೈಲನ್ನು ನಕಲು ಮಾಡಿಕೊಳ್ಳುತ್ತಾರೆ. ಕೆಲವು ಸಂಘಗಳಲ್ಲಿ ಫೈಲಿನ ಮಧ್ಯೆ ಹಳೆಯ ದಿನದ ಸಾಲುಗಳು ಬಂದಿವೆ, ಒಂದೆಡೆ ಇಡೀ ಫೋಲ್ಡರ್ ಮಾಯವಾಗಿದೆ. ಕಾರ್ಡ್ ಕೆಟ್ಟಿರಬಹುದೆಂದು ಬದಲಿಸಿದರೂ ಮತ್ತೆ ಅದೇ ಆಗುತ್ತಿದೆ.

ಉತ್ತರ: ದಯವಿಟ್ಟು ಇಂದೇ ಆ ಯಂತ್ರಗಳಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿ, ಅಲ್ಲಿಯವರೆಗೆ ಕಾರ್ಯದರ್ಶಿಗಳು ಕೇಬಲ್ ಹಾಕದಂತೆ ಹೇಳಿ, ಉಳಿದ ವಿವರವನ್ನು ಆಮೇಲೆ ಓದಿ. ಕಾರ್ಡಿನಲ್ಲಿ ದೋಷವಿಲ್ಲ.

ಮಾಸ್ ಸ್ಟೋರೇಜ್ ಫಂಕ್ಷನ್ ಫೈಲುಗಳನ್ನು ಹಂಚುವುದಿಲ್ಲ, ಅದು ಬ್ಲಾಕುಗಳನ್ನು ಮಾತ್ರ ಹಂಚುತ್ತದೆ. ಇಂಥ ಸೆಕ್ಟರ್ ಕೊಡು, ಇಂಥ ಸೆಕ್ಟರಿಗೆ ಇದನ್ನು ಬರೆ ಎಂಬ ಎರಡು ಬಗೆಯ ಆಜ್ಞೆಗಳೇ ಮುಖ್ಯವಾಗಿ ಕೇಬಲಿನ ಮೇಲೆ ಓಡಾಡುತ್ತವೆ. ಯಾವ ಸೆಕ್ಟರ್ ಯಾವ ಫೈಲಿಗೆ ಸೇರಿದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ನಿಮ್ಮ ಯಂತ್ರವೂ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಒಂದು ಬದಲಿಸಿದ್ದು ಇನ್ನೊಂದಕ್ಕೆ ತಿಳಿಯುವ ದಾರಿಯೇ ಇಲ್ಲ. ಇಬ್ಬರು ಗುಮಾಸ್ತರು ಒಂದೇ ಖಾತೆ ಪುಸ್ತಕದ ಬೇರೆ ಬೇರೆ ನಕಲುಗಳಲ್ಲಿ ಬರೆದು, ಕೊನೆಗೆ ಯಾರು ತಡವಾಗಿ ಬಂದರೋ ಅವರ ಪುಟವೇ ಉಳಿಯುವಂತೆ, ಇಲ್ಲಿ ಕೊನೆಗೆ ಬರೆದವರ ಹಂಚಿಕೆ ಪಟ್ಟಿ ಉಳಿದು ಇನ್ನೊಬ್ಬರ ಫೈಲ್ ಕೊಂಡಿ ಕಳಚಿಕೊಳ್ಳುತ್ತದೆ. ಕಾರ್ಯದರ್ಶಿಗಳು ನಕಲು ಮಾತ್ರ ಮಾಡಿಕೊಂಡಿದ್ದಾರೆ, ಏನನ್ನೂ ಬರೆದಿಲ್ಲ ಎಂದು ನೀವು ಹೇಳಬಹುದು. ವಿಂಡೋಸ್ ತಾನಾಗಿಯೇ ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರನ್ನು ಅದರಲ್ಲಿ ಸೃಷ್ಟಿಸುತ್ತದೆ, ಅಷ್ಟು ಬರಹವೇ ಹಾನಿಗೆ ಸಾಕು.

ಹೀಗೆ ಮಾಡಿ. ದಾಖಲೆಯ ಪಾರ್ಟಿಶನ್ ಯಂತ್ರಕ್ಕೆ ಮಾತ್ರ ಸೇರಿರಲಿ, ಅದನ್ನು ಎಂದಿಗೂ ಹೊರಗೆ ತೋರಿಸಬೇಡಿ. ಹಾಲು ಸಂಗ್ರಹಣೆ ಮುಗಿದ ಮೇಲೆ ಬೇರೊಂದು ಇಮೇಜ್ ಫೈಲ್ ರಚಿಸಿ, ಅದಕ್ಕೆ ಎಂಟೂಲ್ಸ್ ಬಳಸಿ ದಾಖಲೆಯ ಪ್ರತಿಯನ್ನು ಹಾಕಿ. ಎಂಟೂಲ್ಸ್ ಬಳಸಿದರೆ ಇಮೇಜನ್ನು ಮೌಂಟ್ ಮಾಡುವ ಅಗತ್ಯವೇ ಬೀಳುವುದಿಲ್ಲ. ಗ್ಯಾಜೆಟ್‌ನ ಲನ್ ಸೊನ್ನೆ (ಕಂಪ್ಯೂಟರಿಗೆ ಕಾಣುವ ಮೊದಲ ಡಿಸ್ಕ್) ಡೈರೆಕ್ಟರಿಯಲ್ಲಿ ರಿಮೂವಬಲ್ ಮತ್ತು ಆರ್‌ಒ (ಓದಲು ಮಾತ್ರ) ಎಂಬ ಫೈಲುಗಳೆರಡಕ್ಕೂ 1 ಬರೆದು, ಆ ನಂತರವೇ ಇಮೇಜಿನ ಹಾದಿಯನ್ನು ಕೊಡಿ, ಏಕೆಂದರೆ ಇಮೇಜ್ ತೆರೆದಿರುವಾಗ ಆರ್‌ಒ ಬದಲಿಸಲು ಕರ್ನೆಲ್ ಒಪ್ಪುವುದಿಲ್ಲ. ಈಗ ಕಂಪ್ಯೂಟರ್ ಬರೆಯಲು ಯತ್ನಿಸಿದರೆ ಫಂಕ್ಷನ್ನೇ ನಿರಾಕರಿಸುತ್ತದೆ. ದಾಖಲೆ ಕೆಟ್ಟಿರುವ ಕಾರ್ಡುಗಳನ್ನು ಮೊದಲು ಒಂದನ್ನೂ ಬಿಡದೆ ಸೆಕ್ಟರ್ ಸೆಕ್ಟರಾಗಿ ಇಡಿಯಾಗಿ ನಕಲು ತೆಗೆದಿಡಿ, ಸರಿಪಡಿಸುವ ಯಾವ ಪ್ರಯತ್ನವನ್ನೂ ಆ ನಕಲಿನ ಮೇಲೆಯೇ ಮಾಡಿ. ಆ ಸಾಲುಗಳ ಮೇಲೆ ರೈತರ ಬಟವಾಡೆ ನಿಂತಿದೆ.

ಸದಸ್ಯರು, ತುಮಕೂರು: ಇನ್ನೊಂದು ಗುಂಪಿನಿಂದ ಬಂದ ಸಲಹೆಯನ್ನು ಹಾಕುತ್ತಿದ್ದೇನೆ: ‘ಪಾರ್ಟಿಶನ್ ಅನ್ನು ಸಿಂಕ್ ಆಯ್ಕೆಯೊಂದಿಗೆ ಮೌಂಟ್ ಮಾಡಿದರೆ ಈ ತೊಂದರೆ ನೂರಕ್ಕೆ ನೂರು ನಿವಾರಣೆಯಾಗುತ್ತದೆ.’ ಹಾಸನದವರು ಪ್ರಯತ್ನಿಸಬಹುದು.

ಉತ್ತರ: ಹಾಸನದವರು ಇದನ್ನು ಪ್ರಯತ್ನಿಸಬಾರದು. ಸಿಂಕ್ ಹಾಕಿದರೆ ಯಂತ್ರ ಬರೆದದ್ದು ತಡವಿಲ್ಲದೆ ಕಾರ್ಡಿಗೆ ಇಳಿಯುತ್ತದೆ, ಆದರೆ ಕಂಪ್ಯೂಟರಿನ ಮೆಮೊರಿಯಲ್ಲಿರುವ ಹಳೆಯ ಪಟ್ಟಿ ಹಾಗೆಯೇ ಇರುತ್ತದೆ, ಅದನ್ನು ಅದು ಮೇಲೆ ಬರೆದೇ ಬರೆಯುತ್ತದೆ. ಮೇಲಿನ ಉತ್ತರವನ್ನು ಓದಿದವರು ಈ ಸಲಹೆಯನ್ನು ಮುಂದಕ್ಕೆ ಕಳುಹಿಸುವುದಿಲ್ಲ.

ಸದಸ್ಯರು, ಬೆಂಗಳೂರು: ಸೀರಿಯಲ್ ಮತ್ತು ನೆಟ್‌ವರ್ಕ್ ಎರಡನ್ನೂ ಒಂದೇ ಗ್ಯಾಜೆಟ್‌ನಲ್ಲಿ ಸೇರಿಸಿದ್ದೇನೆ. ಲಿನಕ್ಸ್‌ನಲ್ಲಿ ಎರಡೂ ಬರುತ್ತವೆ, ವಿಂಡೋಸ್ 10ರಲ್ಲಿ ಸೀರಿಯಲ್ ಪೋರ್ಟ್ ಮಾತ್ರ ಬರುತ್ತಿಲ್ಲ.

ಸದಸ್ಯರು, ಪೀಣ್ಯ: ಇದಕ್ಕೆ ಸುಲಭದ ದಾರಿಯಿದೆ. ಹೆಸರಾಂತ ಯುಎಸ್‌ಬಿ-ಸೀರಿಯಲ್ ಚಿಪ್ ಕಂಪನಿಯ ವೆಂಡರ್ ಸಂಖ್ಯೆಯನ್ನು (ತಯಾರಕರ ಗುರುತು) ಹಾಕಿಬಿಡಿ, ಡ್ರೈವರ್ ತಾನಾಗಿ ಬರುತ್ತದೆ.

ಸದಸ್ಯರು, ಮಂಗಳೂರು: ಬೇರೆಯವರ ಸಂಖ್ಯೆ ಹಾಕುವುದು ಕಳ್ಳತನವಲ್ಲವೇ? 2014ರಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್‌ಗಳ ಪ್ರಾಡಕ್ಟ್ ಸಂಖ್ಯೆಯನ್ನು ಸೊನ್ನೆಗೆ ಬದಲಿಸಿ, ಅವು ಕೆಲಸ ಮಾಡದಂತೆ ಮಾಡಿದ್ದು ನಿಮಗೆ ನೆನಪಿಲ್ಲವೇ?

ಸದಸ್ಯರು, ಪೀಣ್ಯ: ನೆನಪಿದೆ. ಗ್ರಾಹಕರ ಉಪಕರಣವನ್ನು ಅವರಿಗೆ ಹೇಳದೆ ಕೆಡಿಸಿದ ಆ ಕಂಪನಿಯದೇ ತಪ್ಪು. ಹತ್ತಾರು ಬೋರ್ಡು ಮಾರುವ ಸಣ್ಣ ಕೈಗಾರಿಕೆಯವರು ಸ್ವಂತ ವೆಂಡರ್ ಸಂಖ್ಯೆಗೆ ಹಣ ಎಲ್ಲಿಂದ ತರಬೇಕು ಎಂದು ತಾವು ಹೇಳಿ.

ಸದಸ್ಯರು, ಮಂಗಳೂರು: ಹಣವಿಲ್ಲ ಎಂಬುದು ಇನ್ನೊಬ್ಬರ ಸಂಖ್ಯೆ ಎತ್ತಿಕೊಳ್ಳಲು ಕಾರಣವಾಗದು. ತೊಂದರೆಯಾದಾಗ ಅನುಭವಿಸುವವರು ನಿಮ್ಮ ಗ್ರಾಹಕರು, ನೀವಲ್ಲ.

ಸದಸ್ಯರು, ಪೀಣ್ಯ: ತಾವು ಸಂಬಳದ ಕೆಲಸದಲ್ಲಿ ಕುಳಿತು ಹೇಳುವುದು ಸುಲಭ.

ನಿರ್ವಾಹಕರು: ಇಬ್ಬರೂ ವಿಷಯಕ್ಕೆ ಬನ್ನಿ.

ಉತ್ತರ: ನೀತಿಯ ಮಾತು ಒತ್ತಟ್ಟಿಗಿರಲಿ, ಪೀಣ್ಯದವರ ಉಪಾಯ ಕೆಲಸವನ್ನೇ ಮಾಡದು. ಆ ಸಂಖ್ಯೆಯನ್ನು ಹಾಕಿದರೆ ವಿಂಡೋಸ್ ಆ ಚಿಪ್‌ನ ಡ್ರೈವರನ್ನು ತರುತ್ತದೆ. ಆ ಡ್ರೈವರ್ ತನ್ನ ಚಿಪ್‌ನ ಭಾಷೆಯನ್ನು ಆಡುತ್ತದೆ, ನಿಮ್ಮ ಗ್ಯಾಜೆಟ್ ಸಿಡಿಸಿ-ಎಸಿಎಂ ಎಂಬ ಸಾಮಾನ್ಯ ಸೀರಿಯಲ್ ಭಾಷೆಯನ್ನು ಆಡುತ್ತದೆ. ಪ್ರಯೋಗಕ್ಕೆ ಲಿನಕ್ಸ್ ಫೌಂಡೇಶನ್ನಿನ 1ಡಿ6ಬಿ ಸಂಖ್ಯೆಯನ್ನು ಎಲ್ಲರೂ ಬಳಸುತ್ತಾರೆ, ಮಾರುವ ಸರಕಿಗೆ ಅದು ಸಲ್ಲದು. ಮುಕ್ತ ವಿನ್ಯಾಸವಾದರೆ 1209 ಎಂಬ ವೆಂಡರ್ ಸಂಖ್ಯೆಯ ಅಡಿಯಲ್ಲಿ ಪ್ರಾಡಕ್ಟ್ ಸಂಖ್ಯೆ ಉಚಿತವಾಗಿ ಸಿಗುತ್ತದೆ.

ಬೆಂಗಳೂರಿನವರಿಗೆ: ಡಿವೈಸ್ ಕ್ಲಾಸ್ ಇಎಫ್, ಸಬ್‌ಕ್ಲಾಸ್ 02, ಪ್ರೋಟೋಕಾಲ್ 01 ಎಂದು ಬರೆಯಿರಿ. ಒಂದು ಫಂಕ್ಷನ್‌ಗೆ ಹಲವು ಇಂಟರ್‌ಫೇಸ್‌ಗಳು ಸೇರಿವೆ ಎಂಬುದನ್ನು ಹೋಸ್ಟ್‌ಗೆ ತಿಳಿಸುವ ಗುರುತು ಅದು. ಬದಲಿಸಿದ ಮೇಲೆ ಬಿಸಿಡಿ-ಡಿವೈಸ್ ಸಂಖ್ಯೆಯನ್ನೂ (ಸಾಧನದ ಆವೃತ್ತಿ) ಏರಿಸಿ, ಏಕೆಂದರೆ ವೆಂಡರ್, ಪ್ರಾಡಕ್ಟ್ ಮತ್ತು ಈ ಸಂಖ್ಯೆ ಮೂರೂ ಹಳೆಯವೇ ಆಗಿದ್ದರೆ ವಿಂಡೋಸ್ ರಿಜಿಸ್ಟ್ರಿಯಲ್ಲಿ ನೆನಪಿಟ್ಟ ಹಳೆಯ ಮಾಹಿತಿಯನ್ನೇ ಬಳಸಬಹುದು.

ಸದಸ್ಯರು, ಬೆಳಗಾವಿ: ನನಗೂ ‘ರಿಸೋರ್ಸ್ ಬ್ಯುಸಿ’ ಬರುತ್ತಿದೆ ಮೇಡಂ.

ಉತ್ತರ: ಮೈಸೂರಿನವರಿಗೆ ಕೊಟ್ಟ ಉತ್ತರವನ್ನು ಓದಿ.

ಸದಸ್ಯರು, ಶಿವಮೊಗ್ಗ: ಯುವಿಸಿ (ಯುಎಸ್‌ಬಿ ವಿಡಿಯೊ) ಫಂಕ್ಷನ್ ಬಳಸಿ ಬೋರ್ಡನ್ನು ವೆಬ್‌ಕ್ಯಾಮ್ ಆಗಿಸಿದ್ದೇನೆ. ಚಿತ್ರ ಕೆಲವು ನಿಮಿಷ ಬಂದು ನಿಂತುಹೋಗುತ್ತದೆ. ಐಸೊಕ್ರೋನಸ್ (ಸಮಯಕ್ಕೆ ಬದ್ಧವಾದ ರವಾನೆ) ಬದಲು ಬಲ್ಕ್ (ತಪ್ಪಾದರೆ ಮತ್ತೆ ಕಳುಹಿಸುವ ರವಾನೆ) ಬಳಸಬಹುದೇ?

ಸದಸ್ಯರು, ಹುಬ್ಬಳ್ಳಿ: ನಮ್ಮದೇ ಬೋರ್ಡಿನ ಯುಎಸ್‌ಬಿ ಭಾಗವನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ ಮೇಡಂ? ಸದ್ಯಕ್ಕೆ ದೊಡ್ಡದೊಂದು ಫೈಲನ್ನು ನಕಲು ಮಾಡಿ ನೋಡುತ್ತಿದ್ದೇವೆ.

ಉತ್ತರ: ಈ ಪ್ರಶ್ನೆ ಬಂದದ್ದು ಸಂತೋಷ. ಫೈಲ್ ನಕಲು ಪರೀಕ್ಷೆಯಾಗದು, ಅದು ನಡುವಿನ ಎಷ್ಟೋ ದೋಷಗಳನ್ನು ಮರುಪ್ರಯತ್ನದಿಂದ ಮುಚ್ಚಿಹಾಕುತ್ತದೆ. ಬೋರ್ಡಿನಲ್ಲಿ ಜಿ-ಝೀರೋ ಮಾಡ್ಯೂಲ್ ಲೋಡ್ ಮಾಡಿ. ಅದು 0525, ಎ4ಎ0 ಎಂಬ ಗುರುತಿನೊಂದಿಗೆ ಎದ್ದು, ಕಳುಹಿಸಿದ್ದನ್ನು ಹೀರುವ, ಕೇಳಿದಷ್ಟು ಕೊಡುವ, ಬಂದದ್ದನ್ನು ಮರಳಿಸುವ ಕೆಲಸಗಳನ್ನಷ್ಟೇ ಮಾಡುತ್ತದೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಯುಎಸ್‌ಬಿಟೆಸ್ಟ್ ಮಾಡ್ಯೂಲ್ ಲೋಡ್ ಮಾಡಿ, ಕರ್ನೆಲ್ ಮೂಲದ ಟೂಲ್ಸ್ ಡೈರೆಕ್ಟರಿಯಲ್ಲಿರುವ ಟೆಸ್ಟ್‌ಯುಎಸ್‌ಬಿ ಪ್ರೋಗ್ರಾಮನ್ನು ಕಂಪೈಲ್ ಮಾಡಿ ರೂಟ್ ಆಗಿ ನಡೆಸಿ. ಎರಡೂ ಕಡೆ ಪ್ಯಾಟರ್ನ್ 1 ಎಂದು ಇಟ್ಟರೆ 0ರಿಂದ 62ರವರೆಗೆ ಸುತ್ತುವ ಎಣಿಕೆಯ ಬೈಟುಗಳು ಹರಿಯುತ್ತವೆ, ಹೀಗಾಗಿ ಒಂದು ಬೈಟ್ ಬಿಟ್ಟುಹೋದರೂ ಸಿಕ್ಕಿಬೀಳುತ್ತದೆ. ಸೊನ್ನೆಗಳನ್ನೇ ಕಳುಹಿಸಿದರೆ ಬಿಟ್ಟುಹೋದದ್ದು ತಿಳಿಯುವುದಿಲ್ಲ. ಸಂರಚನೆಯ ಸ್ಕ್ರಿಪ್ಟಿನಲ್ಲಿ ತಪ್ಪೋ ಹಾರ್ಡ್‌ವೇರಿನಲ್ಲಿ ತಪ್ಪೋ ಎಂದು ಬೇರ್ಪಡಿಸಬೇಕಾದಾಗ ಅದೇ ಸ್ಕ್ರಿಪ್ಟನ್ನು ಡಮ್ಮಿ-ಎಚ್‌ಸಿಡಿ ಇರುವ ಕಂಪ್ಯೂಟರಿನಲ್ಲಿ ಓಡಿಸಿ, ಅಲ್ಲಿ ಹೋಸ್ಟ್ ಮತ್ತು ಸಾಧನ ಎರಡೂ ತಂತ್ರಾಂಶವೇ ಆಗಿರುತ್ತವೆ. ಲಾಗಿನಲ್ಲಿ ‘ಹೈ-ಸ್ಪೀಡ್’ ಬದಲು ‘ಫುಲ್-ಸ್ಪೀಡ್’ ಎಂದು ಬಂದರೆ 480 ಮೆಗಾಬಿಟ್‌ನ ಬೋರ್ಡು 12ಕ್ಕೆ ಇಳಿದಿದೆ ಎಂದರ್ಥ. ಆಗ ಡಿ-ಪ್ಲಸ್, ಡಿ-ಮೈನಸ್ ಗೆರೆಗಳು 90 ಓಮ್ ಜೋಡಿಯಾಗಿ ಎಳೆಯಲ್ಪಟ್ಟಿವೆಯೇ ಎಂದು ವಿನ್ಯಾಸವನ್ನು ತೆರೆದು ನೋಡಿ.

ಸದಸ್ಯರು, ಕಲಬುರಗಿ: ನನ್ನ ಲಾಗಿನಲ್ಲಿ ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ ಮೈನಸ್ 71’ ಎಂದು ಬರುತ್ತಿದೆ.

ಉತ್ತರ: ಮೊದಲು ಚಿಕ್ಕದಾದ, ಒಳ್ಳೆಯ ಕೇಬಲ್ ಹಾಕಿ, ಹಬ್ ತೆಗೆದು ನೇರ ಪೋರ್ಟಿಗೆ ಜೋಡಿಸಿ.

ಸದಸ್ಯರು, ತುಮಕೂರು: ಇನ್ನೊಂದು ಸ್ಕ್ರಿಪ್ಟ್ ಬಂದಿದೆ, ಗ್ಯಾಜೆಟ್ ಸಿಕ್ಕಿಹಾಕಿಕೊಂಡಾಗ ಇಡೀ ಯುಎಸ್‌ಬಿ-ಗ್ಯಾಜೆಟ್ ಡೈರೆಕ್ಟರಿಯನ್ನು ಆರ್‌ಎಂ ಮೈನಸ್ ಆರ್‌ಎಫ್ ಮೂಲಕ ಅಳಿಸುತ್ತದೆ. ಕೇಬಲಿನ ಕೆಂಪು ತಂತಿಯನ್ನು ಎರಡೂ ಬದಿಯ 5 ವೋಲ್ಟ್‌ಗೆ ಬೆಸೆದರೆ ಸಂಪರ್ಕ ಗಟ್ಟಿಯಾಗುತ್ತದೆ ಎಂದೂ ಬರೆದಿದ್ದಾರೆ.

ಉತ್ತರ: ಕಾನ್ಫಿಗ್‌ಎಫ್‌ಎಸ್‌ನ ಫೈಲುಗಳು ಕರ್ನೆಲ್ಲಿನ ವಸ್ತುಗಳು, ಅವನ್ನು ಹಾಗೆ ಅಳಿಸಲಾಗದು. ಯುಡಿಸಿ ಫೈಲಿಗೆ ಖಾಲಿ ಸಾಲು ಬರೆದು, ಲಿಂಕ್ ತೆಗೆದು, ಕಾನ್ಫಿಗರೇಶನ್ನಿನ ಸ್ಟ್ರಿಂಗ್ಸ್, ಕಾನ್ಫಿಗರೇಶನ್, ಫಂಕ್ಷನ್, ಗ್ಯಾಜೆಟ್ಟಿನ ಸ್ಟ್ರಿಂಗ್ಸ್, ಕೊನೆಗೆ ಗ್ಯಾಜೆಟ್ ಎಂಬ ಕ್ರಮದಲ್ಲಿ ಆರ್‌ಎಂಡಿಐಆರ್ ಮಾಡಬೇಕು. ಎರಡನೆಯ ಸಲಹೆ ಅಪಾಯಕಾರಿ. ಬೋರ್ಡಿಗೆ ಬೇರೆ ಅಡಾಪ್ಟರ್ ಇರುವಾಗ ಹಾಗೆ ಬೆಸೆದರೆ ಒಂದರ 5 ವೋಲ್ಟ್ ಇನ್ನೊಂದರ ಒಳಕ್ಕೆ ಹರಿದು ಕಂಪ್ಯೂಟರಿನ ಪೋರ್ಟ್ ಸುಡಬಹುದು. ತುಮಕೂರಿನವರೇ, ತಾವು ಸ್ವತಃ ಮಾಡಿ ನೋಡದ ಸಂದೇಶಗಳನ್ನು ಇಲ್ಲಿ ಹಾಕುವುದನ್ನು ನಿಲ್ಲಿಸಿ.

ಸದಸ್ಯರು, ತುಮಕೂರು: ಸಹಾಯವಾಗಲಿ ಎಂದು ಹಾಕಿದೆ. ಇಷ್ಟು ಖಾರವಾಗಿ ಹೇಳುವ ಅಗತ್ಯವಿರಲಿಲ್ಲ.

ಸದಸ್ಯರು, ಮಂಗಳೂರು: ಅಗತ್ಯವಿತ್ತು.

ವಿದ್ಯಾರ್ಥಿನಿ, ತಿಪಟೂರು: ಪೈ 3ಬಿ ಬೋರ್ಡಿನಲ್ಲಿ ಗ್ಯಾಜೆಟ್ ಮಾಡುವುದು ಹೇಗೆ?

ಉತ್ತರ: ಆಗುವುದಿಲ್ಲ. ಮೊದಲ ಉತ್ತರ.

ಸದಸ್ಯರು, ಹಾಸನ: ಮೇಡಂ, ಎಲ್ಲ ಸಂಘಗಳಿಗೂ ಫೋನ್ ಮಾಡಿ ಕೇಬಲ್ ಬಳಕೆ ನಿಲ್ಲಿಸಿದ್ದೇವೆ. ಇಮೇಜ್ ವಿಧಾನ ನಮ್ಮ ಪರೀಕ್ಷಾ ಬೋರ್ಡಿನಲ್ಲಿ ಕೆಲಸ ಮಾಡುತ್ತಿದೆ. ಆದರೆ ಸಂಜೆಯ ಹೊಸ ಇಮೇಜ್ ಹಾಕಲು ಹಳೆಯದನ್ನು ತೆಗೆಯುವಾಗ ಕೆಲವೊಮ್ಮೆ ‘ಬ್ಯುಸಿ’ ಬರುತ್ತದೆ. ಇದು ಮೈಸೂರಿನವರ ತೊಂದರೆಯೇ?

ಉತ್ತರ: ಅಲ್ಲ, ಇದು ಬೇರೆ. ಕಂಪ್ಯೂಟರ್ ಡಿಸ್ಕನ್ನು ತೆಗೆಯಬೇಡ ಎಂಬ ಆಜ್ಞೆ ಕಳುಹಿಸಿ ಬೀಗ ಹಾಕಿರುತ್ತದೆ, ಅದು ಬಿಡುವವರೆಗೆ ಕರ್ನೆಲ್ ಕಾಯುವಂತೆ ಹೇಳುತ್ತದೆ. ಹೊಸ ಕರ್ನೆಲ್ಲುಗಳಲ್ಲಿ ಲನ್ ಸೊನ್ನೆಯಲ್ಲೇ ಫೋರ್ಸ್ಡ್-ಇಜೆಕ್ಟ್ ಎಂಬ ಫೈಲ್ ಇದೆ, ಅದಕ್ಕೆ ಬರೆದರೆ ಬೀಗವಿದ್ದರೂ ಇಮೇಜ್ ಕಳಚುತ್ತದೆ. ನಿಮ್ಮ ಡಿಸ್ಕ್ ಓದಲು ಮಾತ್ರ ಇರುವುದರಿಂದ ಹಾಗೆ ಕಳಚಿದರೆ ದಾಖಲೆಗೆ ಹಾನಿಯಿಲ್ಲ. ನಡುವೆ ನಿಂತ ನಕಲನ್ನು ಕಾರ್ಯದರ್ಶಿಗಳು ಮತ್ತೆ ಮಾಡಿಕೊಳ್ಳಬೇಕಾಗುತ್ತದೆ, ಅಷ್ಟೆ. ಸಂಘಗಳಿಗೆ ಕಳುಹಿಸುವ ಮೊದಲು ಯಂತ್ರ ಬರೆಯುತ್ತಿರುವಾಗಲೇ, ನಕಲು ಅರ್ಧದಲ್ಲಿರುವಾಗಲೇ, ಬೇರೆ ಬೇರೆ ಕಂಪ್ಯೂಟರುಗಳಿಂದ ಕೇಬಲನ್ನು ಎಳೆದು ಹಾಕಿ, ಪ್ರತಿ ಸಲವೂ ದಾಖಲೆಯ ಪಾರ್ಟಿಶನ್ ಮೇಲೆ ಎಫ್‌ಎಸ್‌ಸಿಕೆ (ಫೈಲ್ ವ್ಯವಸ್ಥೆಯ ದೋಷ ಹುಡುಕುವ ಪ್ರೋಗ್ರಾಂ) ನಡೆಸಿ, ಅದರ ಫಲಿತಾಂಶವನ್ನು ಇಲ್ಲಿ ಹಾಕಿ.