ಒಂದೇ ರಾತ್ರಿಗೆ ಎಂಟು ಪಬ್ಬಾ?

(ಬೆಳಗಾವಿಯ ನಮ್ಮ ಬಿ.ಕಾಂ. ಬ್ಯಾಚಿನ ವಾಟ್ಸಾಪ್ ಗುಂಪು, ಶನಿವಾರ ಸಂಜೆ. ಎಲ್ಲರಿಗೂ ಅಡ್ಡಹೆಸರು ಇಟ್ಟಿದ್ದೇನೆ. ನಡುವೆ ಬಂದ ಗುಲಾಬಿ ಹೂಗಳು, ಒಂದು ಗೃಹಪ್ರವೇಶದ ಆಮಂತ್ರಣ, ಖಾನಾಪುರ ರಸ್ತೆಯ ಸೈಟ್ ಮಾರಾಟ, ಇವನ್ನೆಲ್ಲ ತೆಗೆದಿದ್ದೇನೆ. ಜಗಳ ಮಾತ್ರ ಇದೆ.)

ಪಿಂಟ್ಯಾ: [ಫಾರ್ವರ್ಡ್] ಬೆಂಗಳೂರು ನೈಟ್‌ಲೈಫ್! ಒಂದೇ ರಾತ್ರಿ 8 ಪಬ್! ಹೆಣ್ಣೂರಿನಲ್ಲಿ ಶುರು, ಇಂದಿರಾನಗರ, ಕೋರಮಂಗಲ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್, ಕೊನೆಗೆ ಬೆಳಗಿನ ತನಕ ಡಿಸ್ಕೊ! ಜೀವನದಲ್ಲಿ ಒಮ್ಮೆ ಮಾಡಲೇಬೇಕು!

ಪಿಂಟ್ಯಾ: ದೋಸ್ತರೇ, ಈ ಸಲದ ಗೆಟ್‌ಟುಗೆದರ್ ಬೆಂಗಳೂರಲ್ಲಿ. ಪ್ಲ್ಯಾನ್ ಮೇಲೆ ಹಾಕಿದ್ದೇನೆ. ಯಾರ್ಯಾರು ಬರುತ್ತೀರಿ ಹೇಳಿ.

ಬಂಡೂ: ಬೆಂಗಳೂರು ಯಾಕಲೇ? ಚೋರ್ಲಾ ಘಾಟ್ ಇಳಿದರೆ ಗೋವಾ. ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು.

ಬಾರ್ ಈರಣ್ಣ: ರಾತ್ರಿ ಬರುವಾಗ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸುತ್ತಾರೆ, ಗೊತ್ತಲ್ವಾ? ಪರ್ಮಿಟ್ ಇಲ್ಲದ ಗೋವಾ ಬಾಟಲಿ ಸಿಕ್ಕರೆ ಗಾಡಿ ಸಮೇತ ಅಲ್ಲೇ.

ಬಂಡೂ: ಕುಡಿದು ಬರುತ್ತೇವೆ, ತರುವುದಿಲ್ಲ.

ಬಾರ್ ಈರಣ್ಣ: ಕುಡಿದ ಮೇಲೆ ಆ ಘಾಟ್ ಹತ್ತುವವರು ಯಾರು? ನೀನಾ? 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲ 6 ತಿಂಗಳವರೆಗೆ ಜೈಲು, ಇಲ್ಲ ಎರಡೂ. ಬಾರ್ ನಡೆಸುವವನು ಹೇಳುತ್ತಿದ್ದೇನೆ, ಕೇಳು.

ಮಾಸ್ತರ: ಈ ಗುಂಪು ಮಾಡಿದ್ದು ಕಾಲೇಜಿನ ಲೈಬ್ರರಿಗೆ ಪುಸ್ತಕ ಕೊಡಿಸಲಿಕ್ಕೆ. ಇದರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಇಂಥ ಪೋಸ್ಟ್ ಹಾಕುವ ಮೊದಲು ಸ್ವಲ್ಪ ಯೋಚಿಸಿ. ಪಬ್ಬು ಗಿಬ್ಬು ನಮ್ಮ ಸಂಸ್ಕೃತಿ ಅಲ್ಲ.

ಶೈಲಾ: ಮಾಸ್ತರೇ, ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು. ನನಗೆ ಪಬ್ಬಿನಿಂದ ತೊಂದರೆ ಇಲ್ಲ. ತೊಂದರೆ ಇರುವುದು ಪಿಂಟ್ಯಾ ಹಾಕಿದ ಲಿಸ್ಟ್‌ನಲ್ಲಿ.

(ಶೈಲಾ ಮದುವೆಯಾದಾಗಿನಿಂದ ಬೆಂಗಳೂರಿನಲ್ಲೇ ಇದ್ದಾಳೆ. ಗುಂಪಿನಲ್ಲಿ ಮಾತು ಕಡಿಮೆ. ಆಡಿದರೆ ಲೆಕ್ಕಪತ್ರ ತಪಾಸಣೆ ಮಾಡಿದ ಹಾಗೆ.)

ಪಿಂಟ್ಯಾ: ಲಿಸ್ಟ್‌ಗೆ ಏನಾಗಿದೆ? ಲಕ್ಷಗಟ್ಟಲೆ ಜನ ನೋಡಿದ್ದಾರೆ.

ಶೈಲಾ: ನೋಡಿದ್ದಾರೆ, ಹೋಗಿಲ್ಲ. ಹೆಣ್ಣೂರು ಒಂದು ದಿಕ್ಕು, ಕೋರಮಂಗಲ ಇನ್ನೊಂದು, ವೈಟ್‌ಫೀಲ್ಡ್ ಮತ್ತೊಂದು. ಶನಿವಾರ ರಾತ್ರಿ ಇವುಗಳ ನಡುವೆ ಓಡಾಡಿದರೆ ನೀನು ನೋಡುವುದು ಕ್ಯಾಬಿನ ಹಿಂದಿನ ಸೀಟು ಮಾತ್ರ. "ಬೆಳಗಿನ ತನಕ" ಅನ್ನುವುದಂತೂ ಶುದ್ಧ ಸುಳ್ಳು. ಒಂದು ಗಂಟೆಗೆ ಎಲ್ಲ ಬಂದ್. ಅದೂ ಎಷ್ಟೋ ವರ್ಷ ಕಾದು ಸಿಕ್ಕಿದ್ದು. 2008ರ ಸುಮಾರಿಗೆ ಪೊಲೀಸರು ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿಸುತ್ತಿದ್ದರು. ಪಬ್ಬಿನಲ್ಲಿ ಕುಣಿಯುವುದಕ್ಕೂ ತಡೆ. ವಾರಾಂತ್ಯಕ್ಕೆ ಒಂದು ಗಂಟೆವರೆಗೆ ಬಿಟ್ಟಿದ್ದು 2014ರಲ್ಲಿ, ಎಲ್ಲ ದಿನಕ್ಕೂ ಬಿಟ್ಟಿದ್ದು 2016ರಲ್ಲಿ.

ಬಾರ್ ಈರಣ್ಣ: ಇದು ಸರಿ. ಕುಣಿಯುವ ಜಾಗಕ್ಕೆ ಅಬಕಾರಿ ಲೈಸೆನ್ಸ್ ಒಂದೇ ಸಾಲದು, ಪೊಲೀಸರ ಲೈಸೆನ್ಸೂ ಬೇಕು. ಬೆಂಗಳೂರಿಗೆ 2005ರಲ್ಲಿ ಆದೇಶ ಮಾಡಿದ್ದರು. ಬಾರಿನವರು ಕೋರ್ಟಿಗೆ ಹೋದರು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಎತ್ತಿಹಿಡಿಯಿತು. ಆದ್ದರಿಂದ ಪಬ್ ಬೇರೆ, ಡಿಸ್ಕೊ ಬೇರೆ, ನನ್ನ ಬಾರ್ ಬೇರೆ.

ಪಿಂಟ್ಯಾ: ನಿನ್ನ ಬಾರಿಗೂ ಅದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಕುಡಿಯುವುದೇ ಅಲ್ವಾ?

ಬಾರ್ ಈರಣ್ಣ: ನನ್ನದು ಸಿಎಲ್-9 ಲೈಸೆನ್ಸ್. ಕೂತು ಕುಡಿದು ತಿಂದು ಹೋಗುವ ಜಾಗ. ಸಿಎಲ್-2 ಅಂದರೆ ವೈನ್ ಶಾಪ್, ಎಂಆರ್‌ಪಿಗೆ ಕೊಡಬೇಕು, ಅಲ್ಲಿ ಕೂತು ಕುಡಿಯುವ ಹಾಗಿಲ್ಲ. ಸಿಎಲ್-7 ಅಂದರೆ ಲಾಡ್ಜ್ ಇರುವ ಹೋಟೆಲ್. ನನ್ನ ಗಿರಾಕಿ ಬರುತ್ತಾನೆ, ಕ್ವಾರ್ಟರ್ ಹೇಳುತ್ತಾನೆ, ಈರುಳ್ಳಿ ನಿಂಬೆಹಣ್ಣು ಹಾಕಿದ ಶೇಂಗಾ ಹೇಳುತ್ತಾನೆ, ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾನೆ, ಹೋಗುತ್ತಾನೆ. ಅವನಿಗೆ ಕತ್ತಲೆ ಬೇಕು, ಯಾರೂ ಗುರುತು ಹಿಡಿಯಬಾರದು. ಬೆಂಗಳೂರಲ್ಲಿ ಉಲ್ಟಾ, ಎಲ್ಲರೂ ನೋಡಲಿ ಅಂತಲೇ ಹೋಗುತ್ತಾರೆ.

ಶೈಲಾ: ಈರಣ್ಣ, ನಿನ್ನ ಬಾರಿನ ಫ್ಯಾಮಿಲಿ ರೂಮಿನ ಕಥೆಯನ್ನೂ ಹೇಳು. ಪರದೆ ಇಳಿಬಿಟ್ಟ ಡಬ್ಬಿ. ಗಂಡನ ಜೊತೆ ಊಟಕ್ಕೆ ಬಂದ ಹೆಂಗಸು ಪಕ್ಕದ ಬಾಗಿಲಿನಿಂದ ಬಂದು, ಜಿಡ್ಡು ಹಿಡಿದ ಆ ಪರದೆ ಹಿಂದೆ ಕೂತು, ವೇಟರ್ ಕೈ ಮಾತ್ರ ನೋಡಿ ಎದ್ದು ಹೋಗಬೇಕು.

ಬಾರ್ ಈರಣ್ಣ: ಪರದೆ ತೆಗೆದರೆ ಅವರು ಬರುವುದೇ ಇಲ್ಲ. ತೆಗೆದು ನೋಡಿದ್ದೇನೆ.

ಶೈಲಾ: ಅದನ್ನೇ ನಾನು ಹೇಳುವುದು. ಎಂಬತ್ತರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಪಬ್ ಬಂದಾಗ ದೊಡ್ಡ ಬದಲಾವಣೆ ಬಿಯರ್ ಅಲ್ಲ. ಆ ಪರದೆ ಹೋಗಿದ್ದು. ಆಫೀಸು ಮುಗಿಸಿದ ಹುಡುಗಿ ಗೆಳತಿ ಜೊತೆ ಹೋಗಿ, ಎಲ್ಲರ ನಡುವೆ ಒಂದು ಮಗ್ ಇಟ್ಟುಕೊಂಡು ಕೂರಬಹುದು ಅಂತಾಯಿತು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರದ್ದು. ಮರದ ಬೆಂಚು, ಗೋಡೆ ತುಂಬ ರಾಕ್ ಹಾಡುಗಾರರ ಚಿತ್ರ, ಹಳೇ ಪಾಶ್ಚಾತ್ಯ ಹಾಡು. ಚರ್ಚ್ ಸ್ಟ್ರೀಟಿನಲ್ಲಿ ನಾಸಾ ಅಂತ ಇತ್ತು, ಒಳಗೆಲ್ಲ ರಾಕೆಟ್ಟಿನ ಹಾಗೆ. ಅದು ಈಗಿಲ್ಲ.

ಮಾಸ್ತರ: ಶೈಲಾ ಅವರೇ, ನಿಮ್ಮ ಬಗ್ಗೆ ನನಗೆ ಗೌರವ ಇದೆ. ಆದರೂ ಎಲ್ಲರ ನಡುವೆ ಕೂತು ಕುಡಿಯುವುದನ್ನು ಸಾಧನೆ ಅನ್ನಬೇಕಾ?

ಶೈಲಾ: ಸಾಧನೆ ಅನ್ನಲಿಲ್ಲ ಮಾಸ್ತರೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದರಲ್ಲ, ಅದನ್ನೂ ಸಂಸ್ಕೃತಿ ಹೆಸರಲ್ಲೇ ಮಾಡಿದ್ದು. ಗಂಡಸರು ಕುಡಿದರೆ ಮಾತ್ರ ಸಂಸ್ಕೃತಿಗೆ ಏನೂ ಆಗುವುದಿಲ್ಲ. ಕುಡಿಯಬೇಡಿ ಅಂತ ಎಲ್ಲರಿಗೂ ಹೇಳಿ, ಒಪ್ಪುತ್ತೇನೆ. ಹೆಣ್ಣುಮಕ್ಕಳಿದ್ದಾರೆ, ಮೆಲ್ಲಗೆ ಮಾತಾಡಿ ಅನ್ನುವುದನ್ನು ಒಪ್ಪುವುದಿಲ್ಲ.

(ಇಲ್ಲಿ ಒಂದು ಗಂಟೆ ಯಾರೂ ಬರೆಯಲಿಲ್ಲ. ಯಾರೋ ಕುಂದಾ ಫೋಟೊ ಹಾಕಿದರು.)

ಬಂಡೂ: ಲಿಸ್ಟ್ ಸರಿ ಇಲ್ಲ ಅಂತೀಯಲ್ಲ ಶೈಲಾ, ಸರಿಯಾದದ್ದು ಯಾವುದು ಹೇಳು.

ಶೈಲಾ: ಆ ಎಂಟೂ ಒಂದೇ ಥರದ್ದು. ತಾರಸಿ ಮೇಲೆ ಹಗ್ಗದ ಕುರ್ಚಿ, ಮಿಣಮಿಣ ದೀಪ, ಫೋಟೊ ತೆಗೆಯಲು ಒಂದು ಗೋಡೆ. ಎಂಟು ಕಡೆ ಹೋದರೂ ಒಂದೇ ಕಡೆ ಹೋದ ಹಾಗೆ. ಆ ಊರಿನಲ್ಲಿ ಬಾರ್ ಅಂದರೆ ಒಂದೇ ಜಾತಿ ಅಲ್ಲ. ಗಾಂಧಿನಗರ, ಕಲಾಸಿಪಾಳ್ಯದ ಕಡೆ ನಿಂತು ಕುಡಿಯುವ ಜಾಗಗಳಿವೆ. ಕೌಂಟರ್ ಮೇಲೆ ಗ್ಲಾಸು, ಬೇಯಿಸಿದ ಕಡಲೆ, ಐದು ನಿಮಿಷಕ್ಕೆ ಹೊರಗೆ. ದಂಡಿನ ಕಡೆ ಬ್ರಿಟಿಷರ ಕಾಲದ ಡೀವರ್ಸ್ ಬಾರ್ ಇತ್ತು, ಬೆತ್ತದ ಕುರ್ಚಿ, ಅವಸರವಿಲ್ಲದ ಜನ. ಅದೂ ಮುಚ್ಚಿತು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಟೇಬಲ್ಲಿಗೆ ಕಾಫಿ, ಪಕ್ಕದ ಟೇಬಲ್ಲಿಗೆ ಬಿಯರ್. ಯಾರೂ ಯಾರನ್ನೂ ಎಬ್ಬಿಸುವುದಿಲ್ಲ. ದುಡ್ಡು ಜಾಸ್ತಿ ಇದ್ದರೆ ಲೀಲಾ ಹೋಟೆಲಿನ ಜೆಡ್‌ಎಲ್‌ಬಿ23. ಏಷ್ಯಾದ 50 ಒಳ್ಳೆಯ ಬಾರುಗಳ ಪಟ್ಟಿಯಲ್ಲಿ ಬಂದಿದೆ. ಬೋರ್ಡು ಗೀರ್ಡು ಇಲ್ಲದೆ ಬಚ್ಚಿಟ್ಟ ಹಾಗೆ ಮಾಡಿದ್ದಾರೆ. ಒಂದು ಗ್ಲಾಸಿನ ಬೆಲೆ ಕೇಳಿದರೆ ಬಂಡೂ ಗೋವಾಕ್ಕೆ ಓಡುತ್ತಾನೆ.

ಬಂಡೂ: ಓಡಲಿಕ್ಕೆ ನಾನು ಈಗಲೇ ರೆಡಿ.

ಶೈಲಾ: ಆಮೇಲೆ ಬ್ರೂವರಿಗಳು. ಇಂದಿರಾನಗರದ ಟಾಯ್ಟ್ 2010ರಲ್ಲಿ ಶುರುವಾಯಿತು. ಮಗ್ರಾತ್ ರಸ್ತೆಯ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎರಡೂ 2012. ವಿಂಡ್‌ಮಿಲ್ಸ್‌ನಲ್ಲಿ ಗೋಡೆ ತುಂಬ ಪುಸ್ತಕ, ಜಾಝ್ ಕಛೇರಿ ಮಾಡುತ್ತಾರೆ. ಮಾಸ್ತರಿಗೆ ಲೈಬ್ರರಿಯೂ ಆಯಿತು. ಬಿಯರನ್ನು ಅಲ್ಲೇ ಕಾಯಿಸಿ, ಹುದುಗಿಸಿ, ಅಲ್ಲೇ ಕೊಡುತ್ತಾರೆ. ದೊಡ್ಡ ಟ್ಯಾಂಕುಗಳು ಗಾಜಿನ ಆಚೆ ಕಾಣುತ್ತವೆ. ಗೋಧಿ ಬಿಯರ್ ತಗೊಳ್ಳಿ. ಮಂಜು ಮಂಜಾಗಿರುತ್ತದೆ, ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಲವಂಗದ ವಾಸನೆ. ಎರಡನ್ನೂ ಹಾಕಿರುವುದಿಲ್ಲ, ಯೀಸ್ಟ್ ಮಾಡುವ ಕೆಲಸ ಅದು.

ಪಿಂಟ್ಯಾ: ಬಾಳೆಹಣ್ಣಿನ ವಾಸನೆಗೆ ಬೆಂಗಳೂರಿಗೆ ಹೋಗಬೇಕಾ? ರವಿವಾರ ಪೇಟೆಯಲ್ಲಿ ಡಜನ್‌ಗಟ್ಟಲೆ ಸಿಗುತ್ತದೆ.

ಬಾರ್ ಈರಣ್ಣ: ನಗಬೇಡ ಲೇ. ಬಾಟಲಿ ಬಿಯರನ್ನು ಬಿಸಿ ಮಾಡಿರುತ್ತಾರೆ, ತಿಂಗಳುಗಟ್ಟಲೆ ಕೆಡಬಾರದು ಅಂತ. ಇದು ತಾಜಾ. ನನಗೂ ನೋಡುವ ಆಸೆ ಇದೆ. ನಮ್ಮ ಗಿರಾಕಿಗೆ ನಡೆಯುವುದಿಲ್ಲ ಬಿಡು, ಅವನಿಗೆ ಸ್ಟ್ರಾಂಗ್ ಬೇಕು.

ಪಿಂಟ್ಯಾ: ಎಲ್ಲ ಸರಿ. ಡಿಸ್ಕೊ? ಒಂದಾದರೂ ಕ್ಲಬ್ ನೋಡದೆ ವಾಪಸ್ ಬಂದರೆ ಏನು ಪ್ರಯೋಜನ?

ಶೈಲಾ: ಹತ್ತು ಜನ ಗಂಡಸರು ಒಟ್ಟಿಗೆ ಹೋದರೆ ಎಷ್ಟೋ ಕ್ಲಬ್ಬುಗಳಲ್ಲಿ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಹೆಂಗಸರಿಲ್ಲದೆ ಬರುವ ಗಂಡಸರಿಗೆ ಸ್ಟ್ಯಾಗ್ ಅನ್ನುತ್ತಾರೆ. ಜೋಡಿ ಇರಬೇಕು, ಇಲ್ಲ ಕವರ್ ಚಾರ್ಜ್, ಅಂದರೆ ಒಳಗೆ ಬಿಡುವ ದುಡ್ಡು, ಜಾಸ್ತಿ ಕಟ್ಟಬೇಕು. ಚಪ್ಪಲಿ ಹಾಕಿದ್ದರೂ ಬಿಡುವುದಿಲ್ಲ. ಕವರ್ ಚಾರ್ಜ್ ಬಿಲ್ಲಿಗೆ ಸೇರುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ಅದನ್ನು ಕೊಡಲೇಬೇಕು ಅಂತಿಲ್ಲ, ತೆಗೆಸಬಹುದು. ಲೇಡೀಸ್ ನೈಟ್ ಅಂತ ನಮಗೆ ಪುಕ್ಕಟೆ ಕೊಡುತ್ತಾರಲ್ಲ, ಅದರ ಬಗ್ಗೆಯೂ ಒಂದು ಮಾತು. ಗಂಡಸರನ್ನು ಎಳೆಯಲು ನಮ್ಮನ್ನು ಗಾಳಕ್ಕೆ ಸಿಕ್ಕಿಸುವುದು. ನಾನು ಹೋಗುವುದಿಲ್ಲ.

ಶೈಲಾ: ಮತ್ತೊಂದು. ಕ್ಲಬ್ಬಿಗೆ ಹೋದರೆ ಕುಡಿಯುವ ಮೊದಲು ಹೊರಗೆ ಹೋಗುವ ಎರಡನೇ ದಾರಿ ಎಲ್ಲಿದೆ ನೋಡಿ. ಬಂಡೂನ ಗೋವಾದಲ್ಲೇ, ಅರ್ಪೋರಾದ ನೈಟ್‌ಕ್ಲಬ್ಬಿನಲ್ಲಿ 2025ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಹೆಚ್ಚಿನವರು ಅಲ್ಲಿ ಕೆಲಸ ಮಾಡುವವರು.

ಬಾರ್ ಈರಣ್ಣ: ಕಲಾಸಿಪಾಳ್ಯದಲ್ಲೂ ಅಷ್ಟೇ. 2018ರ ಜನವರಿ. ಬಾರ್ ಮುಚ್ಚಿದ ಮೇಲೆ ಒಳಗೇ ಮಲಗಿದ್ದ 5 ಜನ ಹುಡುಗರು ಬೆಂಕಿಯಲ್ಲಿ ಹೋದರು. ಆ ಸುದ್ದಿ ಓದಿದ ಮೇಲೆ ನನ್ನ ಹುಡುಗರನ್ನು ಬಾರಿನಲ್ಲಿ ಮಲಗಿಸುವುದಿಲ್ಲ. ಹಿಂದೆ ರೂಮು ಮಾಡಿಕೊಟ್ಟಿದ್ದೇನೆ. ಬೆಂಗಳೂರಿನ ಚಂದದ ಫೋಟೊಗಳಲ್ಲಿ ಇಂಥ ಹುಡುಗರು ಕಾಣುವುದಿಲ್ಲ. ಗ್ಲಾಸು ತೊಳೆಯುವವನು ಎಷ್ಟು ಗಂಟೆಗೆ ಮಲಗುತ್ತಾನೆ, ಎಲ್ಲಿ ಮಲಗುತ್ತಾನೆ ಯಾರೂ ಕೇಳುವುದಿಲ್ಲ.

ಮಾಸ್ತರ: ಈರಣ್ಣ, ಇದು ನನಗೆ ಗೊತ್ತಿರಲಿಲ್ಲ.

ಪಿಂಟ್ಯಾ: ಮೂಡ್ ಆಫ್ ಮಾಡಿದಿರಿ ಎಲ್ಲರೂ ಸೇರಿ. ಹೋಗೋಣವಾ ಬೇಡವಾ?

ಶೈಲಾ: ಹೋಗೋಣ. ನನ್ನ ಪ್ಲ್ಯಾನ್ ಕೇಳಿ. ಬೆಳಗಾವಿಯಿಂದ ವಂದೇ ಭಾರತ್ ನಸುಕಿನಲ್ಲಿ ಹೊರಡುತ್ತದೆ, ಮಧ್ಯಾಹ್ನ ಎರಡರ ಸುಮಾರಿಗೆ ಬೆಂಗಳೂರು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿದರೆ ನಾಲ್ಕನೇ ಸ್ಟೇಷನ್ ಎಂ.ಜಿ. ರಸ್ತೆ. ಮೂರು ಗಂಟೆಗೆ ಕೋಶೀಸ್. ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ನಡೆದುಕೊಂಡು ಪೆಕೋಸ್. ಹಗಲು ಹೊತ್ತಿನಲ್ಲಿ ಪಬ್ ಖಾಲಿ ಇರುತ್ತದೆ, ಮಾತು ಕೇಳಿಸುತ್ತದೆ. ಇಷ್ಟು ವರ್ಷದ ಮೇಲೆ ಸೇರುವುದು ಮಾತಾಡಲಿಕ್ಕೆ ಅಲ್ವಾ? ಸಂಜೆ ಅದೇ ಮೆಟ್ರೊ ಹಿಡಿದು ಇಂದಿರಾನಗರ, ಒಂದು ಬ್ರೂವರಿ, ಊಟ. ಕೊನೆಯ ಮೆಟ್ರೊ ತಪ್ಪುವ ಮೊದಲು ರೂಮಿಗೆ. ಮೂರು ಜಾಗ, ಮೂರೂ ಬೇರೆ ಬೇರೆ. ಯಾರೂ ಗಾಡಿ ಓಡಿಸಬೇಕಾಗಿಲ್ಲ.

ಪಿಂಟ್ಯಾ: ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ರಾತ್ರಿ ಹತ್ತಕ್ಕೆ ಮಲಗುವುದಕ್ಕೆ ನೈಟ್‌ಲೈಫ್ ಅನ್ನುತ್ತಾರಾ?

ಬಂಡೂ: ನಿನ್ನ ವಯಸ್ಸಿಗೆ ಅನ್ನುತ್ತಾರೆ. ಹೋದ ಸಲ ರೆಸಾರ್ಟಿನಲ್ಲಿ ಒಂಬತ್ತೂವರೆಗೆ ಗೊರಕೆ ಹೊಡೆದವನು ಯಾರು?

ಪಿಂಟ್ಯಾ: ಅದು ಬೇರೆ. ಪ್ರಯಾಣದ ಸುಸ್ತು. ನನ್ನ ಮಗನನ್ನೂ ಕರೆದುಕೊಂಡು ಬರಲಾ? ಅಲ್ಲೇ ಓದುತ್ತಿದ್ದಾನೆ, ಜಾಗ ಎಲ್ಲ ಅವನಿಗೆ ಗೊತ್ತು.

ಬಾರ್ ಈರಣ್ಣ: ಎಷ್ಟು ವರ್ಷ ಅವನಿಗೆ?

ಪಿಂಟ್ಯಾ: 19.

ಬಾರ್ ಈರಣ್ಣ: 21 ಆಗಬೇಕು ಲೇ. ಮತ್ತೆ, ಅವನಿಗೆ ಜಾಗ ಎಲ್ಲ ಹೇಗೆ ಗೊತ್ತು ಅಂತ ಮೊದಲು ವಿಚಾರಿಸು.

(ಇದಾದ ಮೇಲೆ ಪಿಂಟ್ಯಾ ಸುಮಾರು ಹೊತ್ತು ಆಫ್‌ಲೈನ್.)

ಮಾಸ್ತರ: ಶೈಲಾ ಅವರೇ, ಆ ಕೋಶೀಸ್‌ನಲ್ಲಿ ಬರೀ ಕಾಫಿ ಕುಡಿದು ಕೂರಬಹುದು ಅಂದಿರಲ್ಲ?

ಶೈಲಾ: ಧಾರಾಳವಾಗಿ. ನಾನೂ ಎಷ್ಟೋ ಸಲ ಕಾಫಿಯೇ ಕುಡಿಯುವುದು.

ಬಾರ್ ಈರಣ್ಣ: ನನ್ನದೊಂದು ಮಾತು. ಶನಿವಾರ, ರವಿವಾರ ನಾನು ಗಲ್ಲಾ ಬಿಟ್ಟು ಬರಲು ಆಗುವುದಿಲ್ಲ. ಸೋಮವಾರ ಇಡಿ.

ಪಿಂಟ್ಯಾ: ಸೋಮವಾರ ಬೇಡ. ನಾನು ಸೋಮವಾರ ಕುಡಿಯುವುದಿಲ್ಲ.

ಬಂಡೂ: ಬಂದ ನೋಡಪ್ಪಾ, ಎಂಟು ಪಬ್ಬಿನ ಸರದಾರ.

ಶೈಲಾ: ಮಂಗಳವಾರ ಮಾಡೋಣ. ವಾರದ ನಡುವೆ ಜನ ಕಡಿಮೆ, ಟೇಬಲ್ ಸಿಗುತ್ತದೆ. ಬರುವವರು ಹೆಸರು ಹಾಕಿ, ರೂಮು ನೋಡುತ್ತೇನೆ. 1. ಶೈಲಾ

ಬಂಡೂ: 1. ಶೈಲಾ 2. ಬಂಡೂ (ಮುಂದಿನ ಸಲ ಗೋವಾ ಅನ್ನುವ ಷರತ್ತಿನ ಮೇಲೆ)

ಬಾರ್ ಈರಣ್ಣ: 1. ಶೈಲಾ 2. ಬಂಡೂ 3. ಈರಣ್ಣ

ಮಾಸ್ತರ: 1. ಶೈಲಾ 2. ಬಂಡೂ 3. ಈರಣ್ಣ 4. ಮಾಸ್ತರ (ಕಾಫಿ)

ಪಿಂಟ್ಯಾ: ನನ್ನ ಹೆಸರು ಬುಧವಾರ ಹಾಕುತ್ತೇನೆ. ಮಗನ ಜೊತೆ ಮಾತಾಡುವುದಿದೆ.